ಓದುವ ಮೊದಲೇ ಗುರುತಿಸುವ ಕಣ್ಣು

2009ರ ಜನವರಿಯಲ್ಲಿ ಅಮೆರಿಕದ ಪೆಪ್ಸಿಕೋ ಕಂಪನಿಯು ತನ್ನ ಟ್ರಾಪಿಕಾನಾ ಕಿತ್ತಳೆ ರಸದ ಪೊಟ್ಟಣಕ್ಕೆ ಹೊಸ ರೂಪ ಕೊಟ್ಟಿತು. ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣಿನ ಚಿತ್ರ ಮರೆಯಾಗಿ ರಸ ತುಂಬಿದ ಗಾಜಿನ ಲೋಟ ಬಂದಿತು. ಅಡ್ಡಲಾಗಿದ್ದ ಹೆಸರು ಲಂಬವಾಗಿ ನಿಂತಿತು. ಒಳಗಿನ ರಸ ಮಾತ್ರ ಅದೇ ಆಗಿತ್ತು. ಆದರೂ ಎರಡು ತಿಂಗಳೊಳಗೆ ಮಾರಾಟವು ಸುಮಾರು ಶೇ. 20ರಷ್ಟು ಕುಸಿಯಿತು. ಹಳೆಯ ಪೊಟ್ಟಣವನ್ನೇ ಮರಳಿ ತರುವುದಾಗಿ ಕಂಪನಿ ಫೆಬ್ರುವರಿಯಲ್ಲಿಯೇ ಪ್ರಕಟಿಸಿತು.

ಹೊಸ ವಿನ್ಯಾಸ ಅಂದಗೆಟ್ಟದ್ದೇನೂ ಆಗಿರಲಿಲ್ಲ. ಅದರ ಸೋಲಿಗೆ ಮುಖ್ಯ ಕಾರಣವನ್ನು ನಮ್ಮ ದೃಷ್ಟಿಯ ಸ್ವಭಾವದಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ. ಕಣ್ಣಿನ ಒಳಪರದೆಯಾದ ಅಕ್ಷಿಪಟಲದ (ರೆಟಿನಾ) ನಡುವೆ ಫೋವಿಯಾ ಎಂಬ ಸಣ್ಣ ಕುಳಿಯಿದ್ದು, ಅತಿ ಸೂಕ್ಷ್ಮ ವಿವರಗಳು ಸ್ಪಷ್ಟವಾಗಿ ಕಾಣುವುದು ಅಲ್ಲಿ ಮಾತ್ರ. ಅದರ ವ್ಯಾಪ್ತಿ ಸುಮಾರು 2 ಡಿಗ್ರಿ, ಅಂದರೆ ತೋಳು ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು. ಅದರಾಚೆಗೆ ಸಣ್ಣ ಅಕ್ಷರಗಳು ಮಸುಕಾಗುತ್ತವೆ, ಆದರೆ ದೊಡ್ಡ ಆಕಾರಗಳು, ಬಣ್ಣದ ಹರವು, ಅವುಗಳ ಜೋಡಣೆ ಇವೆಲ್ಲ ಒಂದು ಮಟ್ಟಿಗೆ ಗೋಚರಿಸುತ್ತವೆ. ಸೆಕೆಂಡಿಗೆ ಸುಮಾರು ಮೂರು ಬಾರಿ ಕಣ್ಣು ಜಿಗಿಯುತ್ತದೆ. ಮುಂದೆ ಎಲ್ಲಿಗೆ ಜಿಗಿಯಬೇಕೆಂಬುದಕ್ಕೆ ಈ ಮಸುಕು ನೋಟವೇ ಸುಳಿವು ಕೊಡುತ್ತದೆ. ಆದ್ದರಿಂದ ಅಂಗಡಿಯ ಸಾಲುಗಳ ನಡುವೆ ನಡೆಯುವ ಗ್ರಾಹಕರು ಹೆಸರುಗಳನ್ನು ಒಂದೊಂದಾಗಿ ಓದುವುದಿಲ್ಲ. ಮೊದಲು ಪರಿಚಿತ ಆಕಾರವನ್ನು ಹುಡುಕುತ್ತಾರೆ, ಓದುವುದು ಅದನ್ನು ಖಚಿತಪಡಿಸಿಕೊಳ್ಳಲು ಮಾತ್ರ. ಸ್ಟ್ರಾ ಚುಚ್ಚಿದ ಕಿತ್ತಳೆ ಅಂತಹ ಸುಳಿವಾಗಿತ್ತು. ಲೋಟದ ಚಿತ್ರವಾದರೋ ಯಾವ ಕಂಪನಿಯ ರಸಕ್ಕಾದರೂ ಒಪ್ಪುವಂಥದ್ದು.

ಹೀಗಾಗಿ ಅಂದಕ್ಕಿಂತ ಅನನ್ಯತೆಗೆ, ಹೊಸತನಕ್ಕಿಂತ ಸ್ಥಿರತೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮೈಸೂರು ಸ್ಯಾಂಡಲ್ ಸಾಬೂನಿನ ಅಂಡಾಕಾರವನ್ನೂ, ಆನೆಯ ತಲೆ ಮತ್ತು ಸಿಂಹದ ಮೈಯುಳ್ಳ ಶರಭದ ಲಾಂಛನವನ್ನೂ ಓದು ಬಾರದವರು ಕೂಡ ಗುರುತಿಸಬಲ್ಲರು. ಇಂತಹ ಚಿಹ್ನೆಗೂ ವಸ್ತುವಿಗೂ ನಂಟು ಹುಟ್ಟುವುದು ಪುನರಾವರ್ತನೆಯಿಂದ; ಪ್ರತಿ ಬಳಕೆಯೂ ನೆನಪಿನಲ್ಲಿ ಅದನ್ನು ಸ್ವಲ್ಪ ಸ್ವಲ್ಪವೇ ಗಟ್ಟಿಗೊಳಿಸುತ್ತದೆ. ರೂಪ ಬದಲಾದರೆ ವರ್ಷಗಳಿಂದ ಕೂಡಿಬಂದ ಆ ನೆನಪು ಉಪಯೋಗಕ್ಕೆ ಬರುವುದಿಲ್ಲ.

ವಿನ್ಯಾಸಕಾರರ ಕಷ್ಟವೆಂದರೆ, ಅವರು ತಮ್ಮ ಕೆಲಸವನ್ನು ಹತ್ತಿರದಿಂದ, ದೊಡ್ಡ ಪರದೆಯ ಮೇಲೆ, ಒಂಟಿಯಾಗಿ ನೋಡುತ್ತಾರೆ. ಗ್ರಾಹಕರಿಗೆ ಅದು ಕಾಣುವುದು ದೂರದಿಂದ, ಹತ್ತಾರು ಪ್ರತಿಸ್ಪರ್ಧಿಗಳ ನಡುವೆ, ಅರೆಗಳಿಗೆ ಮಾತ್ರ. ಆದ್ದರಿಂದ ಹೊಸ ಪೊಟ್ಟಣವನ್ನು ಒಪ್ಪುವ ಮೊದಲು ಅದರ ಚಿತ್ರವನ್ನು ಕುಗ್ಗಿಸಿ, ಮಸುಕುಗೊಳಿಸಿ, ಬಣ್ಣ ತೆಗೆದು, ಇತರ ಪೊಟ್ಟಣಗಳ ಸಾಲಿನಲ್ಲಿಟ್ಟು ಪರೀಕ್ಷಿಸುವುದು ಅಗತ್ಯ; ಆ ಸ್ಥಿತಿಯಲ್ಲಿಯೂ ಅದು ಯಾರದೆಂದು ಹಳೆಯ ಗ್ರಾಹಕರು ತಡವರಿಸದೆ ಹೇಳುವಂತಿರಬೇಕು.