ಕಂಟಿನ್ಯುವಸ್, ಕಂಟಿನ್ಯುವಲ್: ಅರ್ಜಿಯಲ್ಲಿ ಯಾವುದು ಸರಿ?

ಕಲಬುರಗಿಯ ನ್ಯಾಯಾಲಯಗಳಿಗೂ ಕಚೇರಿಗಳಿಗೂ ಸಲ್ಲಿಕೆಯಾಗುವ ಕಾಗದಪತ್ರಗಳನ್ನು ಅನುವಾದಿಸುವಾಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವವು ಕಠಿಣವಾದ ಪಾರಿಭಾಷಿಕ ಪದಗಳಲ್ಲ, ಅವಧಿಯನ್ನು ಹೇಳುವ ಸಾದಾ ಗುಣವಾಚಕಗಳು.

ಜೇವರ್ಗಿ ಕಡೆಯ ರೈತರೊಬ್ಬರ ಮನವಿಯಲ್ಲಿ ‘ಪಂಪ್‌ಸೆಟ್ಟಿನ ಕರೆಂಟ್ ಸತತವಾಗಿ ಹೋಗುತ್ತಿದೆ’ ಎಂದಿತ್ತು. ಜತೆಗಿದ್ದ ಇಂಗ್ಲಿಷ್ ಪ್ರತಿಯಲ್ಲಿ ಅದು ‘ಕಂಟಿನ್ಯುವಸ್ ಪವರ್ ಕಟ್’ ಆಗಿತ್ತು. ಕಂಟಿನ್ಯುವಸ್ ಎಂದರೆ ನಡುವೆ ಬಿಡುವೇ ಇಲ್ಲದ್ದು. ಹಾಗೆ ಓದಿಕೊಂಡ ಅಧಿಕಾರಿ, ಕರೆಂಟ್ ಬಂದೇ ಇಲ್ಲ ಎಂಬುದು ದೂರೆಂದು ತಿಳಿದು, ಲಾಗ್‌ಬುಕ್ ನೋಡಿ ಅದನ್ನು ತಳ್ಳಿಹಾಕಬಹುದು. ರೈತರ ಸಂಕಟ ಬೇರೆಯದು: ಮೋಟಾರ್ ಶುರುವಾಗಿ ಮಡಿಗೆ ಅರ್ಧ ನೀರು ಹರಿಯುವಷ್ಟರಲ್ಲಿ ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಹೀಗೆ ಬಿಟ್ಟು ಬಿಟ್ಟು ಮರುಕಳಿಸುವುದಕ್ಕೆ ಕಂಟಿನ್ಯುವಲ್ ಎನ್ನಬೇಕು. ನಮ್ಮ ‘ಸತತ’ ಎರಡಕ್ಕೂ ಸಲ್ಲುವುದರಿಂದ, ನಡುವೆ ಬಿಡುವುಂಟೇ ಎಂದು ಅರ್ಜಿದಾರರನ್ನು ಕೇಳಿಯೇ ಬರೆಯುವುದು ಕ್ಷೇಮ.

ಆಸ್ಪತ್ರೆಯ ಚೀಟಿಯಲ್ಲಿ ಕ್ರಾನಿಕ್ ಎಂದು ಕಂಡ ಕೂಡಲೇ ಮನೆಯವರು ಕಾಯಿಲೆ ಕೈಮೀರಿತೆಂದು ಹೆದರುತ್ತಾರೆ. ಅದು ತೀವ್ರತೆಯನ್ನಲ್ಲ, ಅವಧಿಯನ್ನು ಹೇಳುವ ಪದ. ಮೂತ್ರಪಿಂಡದ ತೊಂದರೆ 3 ತಿಂಗಳಿಗೂ ಮೀರಿ ಉಳಿದಿದ್ದರೆ, ಆರಂಭದ ಹಂತದ್ದಾದರೂ ವೈದ್ಯರು ಕ್ರಾನಿಕ್ ಎಂದೇ ಬರೆಯುತ್ತಾರೆ. ಪರ್ಸಿಸ್ಟೆಂಟ್ ಎಂದರೆ ಬಿಡದೆ ಕಾಡುವುದು, ಔಷಧಕ್ಕೂ ಜಗ್ಗದ ಕೆಮ್ಮಿನಂಥದ್ದು.

ಪರ್ಮನೆಂಟ್ ಎಂಬುದನ್ನು ಎಲ್ಲೆಡೆ ‘ಶಾಶ್ವತ’ ಎಂದು ಬರೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಇಲ್ಲಿನ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಪೀಠವಾಯಿತು. ಜನರ ಬಾಯಲ್ಲಿರುವ ಈ ‘ಕಾಯಂ’ ಬಹಳ ನಿಖರವಾದ ಪದ, ಏಕೆಂದರೆ ಪರ್ಮನೆಂಟ್ ಎಂದರೆ ಕೊನೆಯ ದಿನವನ್ನು ಗೊತ್ತುಮಾಡದೆ ನೆಲೆಗೊಳಿಸಿದ್ದೇ ಹೊರತು ಅಳಿವಿಲ್ಲದ್ದಲ್ಲ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 37ನೇ ಪ್ರಕರಣವು (ಸೆಕ್ಷನ್) ಪ್ರತಿಬಂಧಕಾಜ್ಞೆಗಳನ್ನು, ಅಂದರೆ ಇಂಜಂಕ್ಷನ್‌ಗಳನ್ನು, ಟೆಂಪರರಿ, ಪರ್ಪೆಚುಯಲ್ (ಎಂದೆಂದಿಗೂ ನಿಲ್ಲುವುದು) ಎಂದು ವಿಂಗಡಿಸುತ್ತದೆ: ಮೊದಲನೆಯದು ಗೊತ್ತಾದ ಅವಧಿಯವರೆಗೆ ಅಥವಾ ನ್ಯಾಯಾಲಯದ ಮುಂದಿನ ಆದೇಶದವರೆಗೆ ನಿಲ್ಲುತ್ತದೆ, ಎರಡನೆಯದು ವಿಚಾರಣೆ ನಡೆದು ಡಿಕ್ರಿಯಾದಾಗಲೇ ಸಿಗುತ್ತದೆ. ಆ ಪರ್ಪೆಚುಯಲ್‌ಗೆ ವಕೀಲರು ‘ಶಾಶ್ವತ’ ಎನ್ನುವುದು ಸರಿಯಾಗಿಯೇ ಇದೆ.

ಈ ಭಾಗದ ವಿದ್ಯಾರ್ಥಿಗಳಿಗೆ ನಿಜಕ್ಕೂ ಮುಖ್ಯವಾದ ಪ್ರಶ್ನೆ, ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಗೆ ಅವಕಾಶ ಕೊಡುವ 371ಜೆ ವಿಧಿಯದು. 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಿರುವುದು ಸಂವಿಧಾನದ 21ನೇ ಭಾಗದಲ್ಲಿ. ಆ ಭಾಗದ ಶೀರ್ಷಿಕೆಯಲ್ಲಿ ಟೆಂಪರರಿ, ಟ್ರಾನ್ಸಿಷನಲ್, ಸ್ಪೆಷಲ್ ಎಂಬ ಮೂರು ಗುಣವಾಚಕಗಳಿವೆ. ಹಾಗಾದರೆ ನಮ್ಮ ಮೀಸಲಾತಿಯೂ ತಾತ್ಕಾಲಿಕವೇ ಎಂದು ಅವರು ಆತಂಕದಿಂದ ಕೇಳುತ್ತಾರೆ. ಟೆಂಪರರಿ ಎಂಬುದು ಸದ್ಯಕ್ಕೆ ಮಾಡಿದ್ದು. ಟ್ರಾನ್ಸಿಷನಲ್ ಎಂಬುದು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟುವ ನಡುಗಾಲದ್ದು. 371ಜೆಯ ತಲೆಬರಹದಲ್ಲಿರುವುದು ಸ್ಪೆಷಲ್ ಮಾತ್ರ. ಆ ಪದ ಅವಧಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ವಿಧಿಯ ಪಠ್ಯದಲ್ಲಿ ಕೊನೆಯ ದಿನಾಂಕವೂ ಇಲ್ಲ. ಆದ್ದರಿಂದ ಪರೀಕ್ಷೆಯ ಉತ್ತರದಲ್ಲಿ ಅದನ್ನು ಟೆಂಪರರಿ ಎನ್ನುವುದು ತಪ್ಪು. ಪಠ್ಯದಲ್ಲಿಲ್ಲದ ಪರ್ಮನೆಂಟ್ ಅನ್ನು ತಂದು ಸೇರಿಸುವುದೂ ಅಷ್ಟೇ ತಪ್ಪು.