ನಡುವೆ ಮೂರು ಗಂಟೆ ಮಲಗಿದರೆ 14 ಗಂಟೆ ಮುಂದಕ್ಕೆ ಹೋಗುತ್ತದೆಯೇ?

ಪ್ರಶ್ನೆ: ಅಮೆರಿಕದ ಟ್ರಕ್ ಚಾಲಕರು ಲಾಗ್‌ನಲ್ಲಿ (ದಿನದ ಕೆಲಸ, ವಿಶ್ರಾಂತಿಯ ದಾಖಲೆಯಲ್ಲಿ) ವಿಶ್ರಾಂತಿಯನ್ನು ಹೇಗೆ ದಾಖಲಿಸಬೇಕು? ಮಧ್ಯಾಹ್ನ ಮೂರು ಗಂಟೆ ಕಾಲ ‘ಆಫ್ ಡ್ಯೂಟಿ’ ಹಾಕಿ ಮಲಗಿದರೆ, ಕೆಲಸ ಶುರುವಾದ ಮೇಲೆ ಗಾಡಿ ಓಡಿಸಲು ಇರುವ 14 ಗಂಟೆಯ ಮಿತಿಯ ಲೆಕ್ಕ ಅಷ್ಟು ಹೊತ್ತು ನಿಲ್ಲುತ್ತದಲ್ಲವೇ?

ಉತ್ತರ: ಇಲ್ಲ, ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂದುಕೊಂಡರೂ ಸರಿ, ಇನ್ನೊಮ್ಮೆ ಹೇಳುತ್ತೇನೆ.

ಮೊದಲು ಬರೆಯುವ ಬಗೆ. ಕಾಗದದ ಲಾಗ್‌ನಲ್ಲಿ 24 ಗಂಟೆಯ ಉದ್ದಕ್ಕೂ ನಾಲ್ಕು ಸಾಲು: ಆಫ್ ಡ್ಯೂಟಿ, ಸ್ಲೀಪರ್ ಬರ್ತ್, ಡ್ರೈವಿಂಗ್, ಆನ್ ಡ್ಯೂಟಿ. ಒಂದೊಂದು ಗಂಟೆಗೂ ಕಾಲು ಗಂಟೆಯ ಗುರುತುಗಳಿರುತ್ತವೆ. ಸ್ಥಿತಿ ಬದಲಾದಾಗ ಗೆರೆಯನ್ನು ನೇರ ಮೇಲಕ್ಕೋ ಕೆಳಕ್ಕೋ ಎಳೆದು ಹೊಸ ಸಾಲಿನಲ್ಲಿ ಮುಂದುವರಿಸಬೇಕು. ಕೆಳಗೆ ಷರಾದಲ್ಲಿ ಆ ಊರು, ರಾಜ್ಯ ಬರೆಯಬೇಕು. ಗೆರೆ ಎಲ್ಲೂ ತುಂಡಾಗಬಾರದು. ನಾಲ್ಕು ಸಾಲುಗಳ ಮೊತ್ತ 24 ಬಾರದಿದ್ದರೆ ಎಲ್ಲೋ ತಪ್ಪಿದೆ. ಹೋಟೆಲಿನಲ್ಲಿ ಊಟ, ಮನೆಯಲ್ಲಿ ನಿದ್ದೆ ಒಂದನೇ ಸಾಲಿಗೆ. ಕ್ಯಾಬಿನ್ ಹಿಂದಿನ ಹಾಸಿಗೆಯಲ್ಲಿ ಮಲಗಿದ್ದು ಎರಡನೇ ಸಾಲಿಗೆ. ಒಂದು ಗಂಟೆ ಊಟ, ಬೆನ್ನಿಗೇ ಒಂಬತ್ತು ಗಂಟೆ ಬರ್ತ್‌ನಲ್ಲಿ ನಿದ್ದೆ: ಎರಡೂ ಕೂಡಿ ಸತತ 10 ಗಂಟೆ ಆಯಿತು, ಅದು ಪೂರ್ಣ ವಿಶ್ರಾಂತಿ. ಡೀಸೆಲ್ ಹಾಕಿಸುವುದು, ಗಾಡಿ ತಪಾಸಣೆ ಮಾಡುವುದು ನಾಲ್ಕನೇ ಸಾಲು. ಗೋದಾಮಿನ ಬಾಗಿಲಲ್ಲಿ ಸರದಿಗೆ ಕಾಯುವುದೂ ಅಷ್ಟೇ. ಗಾಡಿಯ, ಸರಕಿನ ಹೊಣೆಯಿಂದ ಕಂಪನಿ ನಿಮ್ಮನ್ನು ನಿಜಕ್ಕೂ ಬಿಡಿಸಿದ್ದರೆ ಮಾತ್ರ ಆ ಕಾಯುವಿಕೆ ಆಫ್ ಡ್ಯೂಟಿ. ಎಂಟು ದಿನಕ್ಕೆ 70 ಗಂಟೆ ದುಡಿಮೆ ಎಂಬ ಮಿತಿಯಲ್ಲಿ ಹೊತ್ತು ಉಳಿಸಲು ಅದನ್ನು ಒಂದನೇ ಸಾಲಿಗೆ ತಳ್ಳುವವರು ಸಿಕ್ಕಿಬೀಳುವುದು ಡೀಸೆಲ್ ರಸೀದಿಯಿಂದಲೋ ಲೋಡಿಂಗ್ ಕಾಗದದ ಮೇಲಿನ ಸಮಯದಿಂದಲೋ.

ಈಗ ಬಹುತೇಕರ ಬಳಿ ಕಾಗದವಿಲ್ಲ, ಇಎಲ್‌ಡಿ ಇದೆ, ಅಂದರೆ ಗಾಡಿಗೆ ಜೋಡಿಸಿದ ಎಲೆಕ್ಟ್ರಾನಿಕ್ ಲಾಗ್ ಯಂತ್ರ. ಹಾಗಂತ ವಿಶ್ರಾಂತಿಯನ್ನೂ ಅದೇ ಬರೆದುಕೊಳ್ಳುತ್ತದೆ ಎಂದು ಸುಮ್ಮನಿರಬೇಡಿ. ಅದು ತಾನಾಗಿ ಹಿಡಿಯುವುದು ಚಕ್ರ ಉರುಳಿದ್ದನ್ನು. ಗಾಡಿ ನಿಂತು ಐದು ನಿಮಿಷವಾದಾಗ ‘ಇನ್ನೂ ಓಡಿಸುತ್ತಿದ್ದೀರಾ?’ ಎಂದು ಕೇಳುತ್ತದೆ. ಒಂದು ನಿಮಿಷದಲ್ಲಿ ಉತ್ತರ ಬರದಿದ್ದರೆ ಆನ್ ಡ್ಯೂಟಿಗೆ ಹಾಕುತ್ತದೆ. ಆಫ್ ಡ್ಯೂಟಿಗೆ ಅಲ್ಲ. ಗುಂಡಿ ಒತ್ತದೆ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿಯೆಲ್ಲ ದುಡಿದಂತೆ ಕಾಣುತ್ತದೆ. ಸರಿಪಡಿಸಬಹುದು: ತಿದ್ದುಪಡಿ ಮಾಡಿ, ಕಾರಣದ ಟಿಪ್ಪಣಿ ಬರೆದು, ಆ ದಿನದ ಲಾಗನ್ನು ಮತ್ತೆ ದೃಢೀಕರಿಸಬೇಕು. ಮೂಲ ದಾಖಲೆ ಅಳಿಯುವುದಿಲ್ಲ. ಆದರೆ ತಾನಾಗಿ ದಾಖಲಾದ ಡ್ರೈವಿಂಗ್ ಹೊತ್ತನ್ನು ಕಡಿಮೆ ಮಾಡಿ ವಿಶ್ರಾಂತಿಗೆ ಸೇರಿಸಲು ಬರುವುದಿಲ್ಲ.

ಇನ್ನು ಆ ಹಟಮಾರಿ ನಂಬಿಕೆ. 10 ಗಂಟೆ ವಿಶ್ರಾಂತಿ ಮುಗಿಸಿ ಕೆಲಸ ಶುರುಮಾಡಿದ ಕ್ಷಣದಿಂದ 14 ಗಂಟೆ. ಆಮೇಲೆ ಸರಕಿನ ಗಾಡಿ ಓಡಿಸುವಂತಿಲ್ಲ. ಅದರೊಳಗೆ ಓಡಿಸಬಹುದಾದದ್ದು 11 ಗಂಟೆ. ಈ 14 ಗೋಡೆಯ ಗಡಿಯಾರದ ಹಾಗೆ, ನೀವು ಉಂಡರೂ ಮಲಗಿದರೂ ಓಡುತ್ತಲೇ ಇರುತ್ತದೆ. ಬೆಳಿಗ್ಗೆ 6ಕ್ಕೆ ಶುರುಮಾಡಿದರೆ ರಾತ್ರಿ 8ಕ್ಕೆ ಮುಗಿಯಿತು. ಎಂಟು ಗಂಟೆ ಓಡಿಸಿದ ಮೇಲೆ ಕಡ್ಡಾಯವಾದ 30 ನಿಮಿಷದ ಬಿಡುವೂ ಇದನ್ನು ನಿಲ್ಲಿಸುವುದಿಲ್ಲ. 2020ರ ಸೆಪ್ಟೆಂಬರ್ 29ರಿಂದ ಆ ಬಿಡುವನ್ನು ಡೀಸೆಲ್ ಹಾಕಿಸುತ್ತಲೂ ಕಳೆಯಬಹುದು, ಆದರೆ 30 ನಿಮಿಷ ಸತತವಾಗಿರಬೇಕು; ಹತ್ತರಂತೆ ಮೂರು ಸಲ ನಿಲ್ಲಿಸಿದ್ದು ಲೆಕ್ಕಕ್ಕಿಲ್ಲ.

ಈ ನಂಬಿಕೆ ಸಾಯದಿರುವುದಕ್ಕೆ ಕಾರಣವಿದೆ, ಅದು ಒಂದು ಕಾಲಕ್ಕೆ ನಿಜವಾಗಿತ್ತು. 2004ರ ಜನವರಿ 4ರವರೆಗೆ 15 ಗಂಟೆಯ ಮಿತಿ ಇತ್ತು, ಅದರಲ್ಲಿ ದುಡಿದ ಹೊತ್ತನ್ನಷ್ಟೇ ಕೂಡಿಸುತ್ತಿದ್ದರು. ಆಫ್ ಡ್ಯೂಟಿ ಹಾಕಿದರೆ ಲೆಕ್ಕ ನಿಜಕ್ಕೂ ನಿಲ್ಲುತ್ತಿತ್ತು. ಆ ಕಾಲದವರು ಕಿರಿಯರಿಗೆ ಹೇಳಿಕೊಟ್ಟರು, ಕಿರಿಯರು ನಿಮಗೆ ಹೇಳಿದರು. ಇದರ ಮೇಲೆ 2019ರಲ್ಲಿ ಸರ್ಕಾರವೇ, ದಿನಕ್ಕೊಂದು ಸಲ ಅರ್ಧ ಗಂಟೆಯಿಂದ ಮೂರು ಗಂಟೆವರೆಗಿನ ಬಿಡುವು 14ನ್ನು ನಿಲ್ಲಿಸಲಿ ಎಂದು ಕರಡು ಹೊರಡಿಸಿತು. 2020ರ ಅಂತಿಮ ನಿಯಮದಲ್ಲಿ ಅದನ್ನು ಕೈಬಿಟ್ಟರು. ಕರಡಿನ ಸುದ್ದಿ ಓದಿದಷ್ಟು ಜನ ಕೈಬಿಟ್ಟ ಸುದ್ದಿ ಓದಲಿಲ್ಲ.

ನಿಲ್ಲುವ ದಾರಿ ಇರುವುದು ಒಂದೇ, ವಿಶ್ರಾಂತಿಯನ್ನು ಎರಡು ತುಂಡು ಮಾಡುವುದು. ಒಂದು ತುಂಡು ಸ್ಲೀಪರ್ ಬರ್ತ್‌ನಲ್ಲೇ ಸತತ 7 ಗಂಟೆಗೆ ಕಡಿಮೆ ಇರಬಾರದು. ಇನ್ನೊಂದು ಆಫ್ ಡ್ಯೂಟಿಯೋ ಬರ್ತೋ, 2 ಗಂಟೆಗೆ ಕಡಿಮೆ ಇರಬಾರದು. ಎರಡೂ ಸೇರಿ 10 ಆಗಬೇಕು. ಹಾಗಾದರೆ ಮಾತ್ರ ಎರಡೂ ತುಂಡುಗಳು 14ರಿಂದ ಹೊರಗೆ. ಲಾಡ್ಜ್‌ನಲ್ಲಿ ಮಲಗಿದ ಏಳು ಗಂಟೆ ಆ ದೊಡ್ಡ ತುಂಡಾಗುವುದಿಲ್ಲ.

ಲೆಕ್ಕ ಮಾಡಿಯೇ ನೋಡೋಣ. 6:00ಕ್ಕೆ ತಪಾಸಣೆ, 6:30ರಿಂದ 12:30ರವರೆಗೆ ಓಟ. 15:30ರವರೆಗೆ ಆಫ್ ಡ್ಯೂಟಿ. ಮತ್ತೆ 20:30ರವರೆಗೆ ಓಟ. ಓಡಿಸಿದ್ದು 11 ಗಂಟೆ, ಸರಿ. ಆದರೆ ಶುರುವಾಗಿ ಹದಿನಾಲ್ಕೂವರೆ ಗಂಟೆ ಕಳೆದಿದೆ. ಈಗ ಬರ್ತ್‌ನಲ್ಲಿ ಬೆಳಗಿನ ಜಾವ 3:30ರವರೆಗೆ ಮಲಗಿದರೆ ಎರಡು ತುಂಡುಗಳ ಜೋಡಿ ಪೂರ್ತಿಯಾಗಿ ಮಧ್ಯಾಹ್ನದ ಮೂರು ಗಂಟೆಯ ಬಿಡುವು 14ರ ಲೆಕ್ಕದಿಂದ ಹೊರಗಾಗುತ್ತದೆ. ಹನ್ನೊಂದೂವರೆ ಗಂಟೆ ಉಳಿದು ಉಲ್ಲಂಘನೆ ಇಲ್ಲವಾಗುತ್ತದೆ. 3:00ಕ್ಕೇ ಗಾಡಿ ಎತ್ತಿದರೆ ಜೋಡಿ ಮುರಿಯಿತು, 20:00ರ ನಂತರದ ಅರ್ಧ ಗಂಟೆಯ ಓಟ ಉಲ್ಲಂಘನೆಯಾಗಿ ಉಳಿಯಿತು.

3:30ಕ್ಕೆ ಎದ್ದವರಿಗೂ ಹೊಸ 11, ಹೊಸ 14 ಸಿಗುವುದಿಲ್ಲ. ಲೆಕ್ಕ ಮೊದಲ ತುಂಡು ಮುಗಿದ 15:30ರಿಂದ ಶುರು. ಅಲ್ಲಿಂದ ಐದು ಗಂಟೆ ಓಡಿಸಿದ್ದಾಗಿದೆ, ಹಾಗಾಗಿ ಓಟಕ್ಕೆ ಉಳಿದದ್ದು 6, 14ರಲ್ಲಿ ಉಳಿದದ್ದು 9. ಎಲ್ಲವೂ ಹೊಸದಾಗಬೇಕಿದ್ದರೆ ಸತತ 10 ಗಂಟೆಯೇ ಆಗಬೇಕು.

ಯಾರೂ ಕೇಳದ ಒಂದು ಮಾತು ಇದರ ಜೊತೆಗೇ ಬರುತ್ತದೆ: ಈ ಹೊತ್ತುಗಳೆಲ್ಲ ಯಾವ ಊರಿನವು? ಚಾಲಕನ ಹೋಮ್ ಟರ್ಮಿನಲ್‌ನ, ಅಂದರೆ ಅವನು ಮಾಮೂಲಾಗಿ ಕೆಲಸಕ್ಕೆ ಹೊರಡುವ ಕಂಪನಿ ನೆಲೆಯ ಸಮಯ. ಶಿಕಾಗೋದ ಗಾಡಿ ಲಾಸ್ ಏಂಜಲೀಸ್ ತಲುಪಿದರೂ ಲಾಗ್ ಶಿಕಾಗೋ ಗಡಿಯಾರದಲ್ಲೇ ನಡೆಯುತ್ತದೆ. ದಾರಿಯಲ್ಲಿ ಎರಡು ಗಂಟೆ ‘ಸಿಕ್ಕಿತು’ ಎಂಬುದಿಲ್ಲ. ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಇಂಥ ಲಾಗ್ ನೋಡುವವರು ಇದನ್ನು ಗಮನಿಸಬೇಕು. ಬೇಸಿಗೆಯಲ್ಲಿ ಶಿಕಾಗೋಗಿಂತ ನಾವು ಹತ್ತೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಹನ್ನೊಂದೂವರೆ. ಮೇಲಿನ ಉದಾಹರಣೆಯಲ್ಲಿ 14 ಮೀರುವುದು ಬೇಸಿಗೆಯಾದರೆ ನಮ್ಮ ಬೆಳಿಗ್ಗೆ ಆರೂವರೆಗೆ, ಪಾಳಿ ಮುಗಿಯುವ ಹೊತ್ತು. ಜೋಡಿ ಪೂರ್ತಿಯಾಗುವುದು ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆ ಉಲ್ಲಂಘನೆ ಎಂದು ಕಂಡದ್ದನ್ನು ಹಾಗೇ ವರದಿಗೆ ಬರೆದು ಮನೆಗೆ ಹೋಗಬೇಡಿ. ಚಾಲಕನ ಮಧ್ಯಾಹ್ನದಲ್ಲಿ ಎರಡು ಗಂಟೆ ಕಾಲವಾದರೂ ಸತತ ಬಿಡುವು ಇದೆಯೇ, ಈಗ ಗೆರೆ ಎರಡನೇ ಸಾಲಿನಲ್ಲಿ ಇದೆಯೇ ಎಂದು ನೋಡಿ, ಇದ್ದರೆ ‘ನಮ್ಮ ಮಧ್ಯಾಹ್ನ ಎರಡಾದ ಮೇಲೆ ಮತ್ತೆ ನೋಡಿ’ ಎಂದು ಮುಂದಿನ ಪಾಳಿಯವರಿಗೆ ಬರೆದಿಡಿ.