ಹೊಗೆ ನಿಂತ ಮೇಲೂ ಕೂಗುವ ಡಿಟೆಕ್ಟರ್

"ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಹೊಗೆಯೇ ಇರಲಿಲ್ಲ. ಆದರೂ ಒಂದೇ ಸಮ ಬಡಕೊಳ್ತಿತ್ತು, ಬ್ಯಾಟರಿ ಕಿತ್ತಿಟ್ಟೆ." ಸೌದೆ ಒಲೆ, ಚಿಮಣಿ ತಪಾಸಣೆಗೆ ಹೋದ ಕಡೆಯೆಲ್ಲ ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್ ಬಗ್ಗೆ ಕೇಳುವ ಮಾತಿದು. ಕೇಳಿದಾಗಲೆಲ್ಲ ಎದೆ ಝಲ್ ಅನ್ನುತ್ತದೆ.

ಈ ಡಿಟೆಕ್ಟರ್ ಹುಡುಕುವುದು ಹೊಗೆಯನ್ನಲ್ಲ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು. ಎರಡಕ್ಕೂ ಗಂಟು ಹಾಕಬೇಡಿ. ಸೌದೆ ಧಗಧಗ ಉರಿಯುವಾಗ ಈ ಅನಿಲದ ಬಹುಪಾಲು ಜ್ವಾಲೆಯಲ್ಲೇ ಸುಟ್ಟುಹೋಗುತ್ತದೆ. ಚಿಮಣಿ ಬಿಸಿಯಿರುವುದರಿಂದ ಉಳಿದದ್ದನ್ನು ಮೇಲಕ್ಕೆಳೆಯುತ್ತದೆ. ಜ್ವಾಲೆ ಅಡಗಿ ಬರೀ ಕೆಂಡ ಉಳಿದಾಗ ಹೊಗೆ ಕಾಣುವುದಿಲ್ಲ, ಆದರೆ ಕೆಂಡದ ರಾಶಿಯೊಳಗೆ ಅನಿಲ ಹುಟ್ಟುತ್ತಲೇ ಇರುತ್ತದೆ. ಅದನ್ನು ಸುಡಲು ಜ್ವಾಲೆಯಿಲ್ಲ. ಚಿಮಣಿ ತಣ್ಣಗಾಗುತ್ತಾ ಎಳೆತ ಕುಂದುತ್ತದೆ. ಅಂಥ ಹೊತ್ತಿನಲ್ಲೇ "ಶಾಖ ಹೊರಗೆ ಹೋಗದಿರಲಿ" ಎಂದು ಡ್ಯಾಂಪರ್ (ಚಿಮಣಿಯ ದಾರಿಗೆ ಅಡ್ಡವಿರುವ ತಗಡು) ಮುಚ್ಚಿ ಮಲಗುತ್ತಾರೆ! ಅನಿಲ ಕೋಣೆಗೇ ತಿರುಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯ ಕಣ ಹುಡುಕುವ ಸ್ಮೋಕ್ ಅಲಾರಂಗೆ ಇದು ತಿಳಿಯುವುದೇ ಇಲ್ಲ.

ಒಬ್ಬ ಹಿರಿಯರು ಡಿಟೆಕ್ಟರ್ ಕೆಟ್ಟಿದೆ, ಬದಲಿಸಿಕೊಡಿ ಎಂದು ಕರೆಸಿದ್ದರು. ಮೂರು ರಾತ್ರಿ ಕೂಗಿತ್ತಂತೆ. ಬೆಳಗಿನ ತಲೆನೋವಿಗೆ ನಿದ್ದೆಗೆಟ್ಟದ್ದೇ ಕಾರಣ ಎಂದುಕೊಂಡಿದ್ದರು. ಚಿಮಣಿಯ ಬಾಯಲ್ಲಿ ಹಕ್ಕಿಗೂಡು ಅರ್ಧಕ್ಕರ್ಧ ದಾರಿ ಕಟ್ಟಿತ್ತು. ಡಿಟೆಕ್ಟರ್ ಸರಿಯಾಗಿಯೇ ಇತ್ತು. ಅವರ ಹೆಂಡತಿ ಮಾತಾಡದೆ ಒಳಗೆ ಹೋಗಿ ಬ್ಯಾಟರಿ ತಂದುಕೊಟ್ಟರು.

ಡಿಟೆಕ್ಟರ್ ಕೂಗಲು ತಡವೂ ಮಾಡುತ್ತದೆ. ಯುರೋಪಿನ ಇಎನ್ 50291 ಮಾನದಂಡದಂತೆ ಅನಿಲ 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ) ಇದ್ದರೆ 60ರಿಂದ 90 ನಿಮಿಷದೊಳಗೆ, 100 ಇದ್ದರೆ 10ರಿಂದ 40 ನಿಮಿಷದೊಳಗೆ, 300 ಇದ್ದರೆ 3 ನಿಮಿಷದೊಳಗೆ ಕೂಗಬೇಕು. ಅಂದರೆ ಸಣ್ಣ ಸೋರಿಕೆಯಲ್ಲಿ ಅದು ಸದ್ದು ಮಾಡುವ ಹೊತ್ತಿಗೆ ನೀವು ಒಂದು ಗಂಟೆಗೂ ಹೆಚ್ಚು ಹೊತ್ತು ಆ ಅನಿಲ ಉಸಿರಾಡಿರಬಹುದು. ಆರಿದ ಒಲೆಯ ಪಕ್ಕ ಅಪರಾತ್ರಿಯಲ್ಲಿ ಕೂಗಿತೆಂದು ಅನುಮಾನಪಡಬೇಡಿ.

ಎಲ್ಲಿ ಹಾಕಬೇಕೆಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿ ಯಾವುದು ಅನ್ವಯವೋ ವಿಚಾರಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಹೊಸ ಸೌದೆ ಒಲೆ ಕೂರಿಸಿದರೆ ಅದೇ ಕೋಣೆಯಲ್ಲಿ ಡಿಟೆಕ್ಟರ್ ಇರಬೇಕು. ಅಲ್ಲಿನ ಮಾರ್ಗಸೂಚಿಯಂತೆ ಒಲೆಯಿಂದ ಅಡ್ಡಳತೆಯಲ್ಲಿ 1ರಿಂದ 3 ಮೀಟರ್ ದೂರ. ಚಾವಣಿಗೆ ಹಾಕಿದರೆ ಗೋಡೆಯಿಂದ ಕನಿಷ್ಠ 300 ಮಿಲಿಮೀಟರ್. ಮಲಗುವ ಕೋಣೆಯ ಹತ್ತಿರವೂ ಒಂದಿರಲಿ ಎಂದೇ ನಾನು ಹೇಳುವುದು, ನಿಯಮ ಕೇಳಲಿ ಬಿಡಲಿ.

ಕೂಗಿದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಅಲ್ಲಿಂದ ತುರ್ತು ಸಹಾಯಕ್ಕೆ ಫೋನ್ ಮಾಡಿ. ತಲೆಸುತ್ತು, ವಾಕರಿಕೆ ಇದ್ದರೆ ಹೊರಗೆ ಬಂದ ಮೇಲೆ ಕಡಿಮೆಯಾದರೂ ವೈದ್ಯರಿಗೆ ತೋರಿಸಿ. ಚಿಮಣಿ, ಒಲೆ ಎರಡನ್ನೂ ಬಲ್ಲವರು ನೋಡುವ ತನಕ ಮತ್ತೆ ಬೆಂಕಿ ಹಾಕಬೇಡಿ.